ಅಪ್ಪಯ್ಯನ ಕೈ ಸವೆಸಿದ ಜಾಗ

ನಮ್ಮ ಮನೆಯ 1968ರ ಫಿಯೆಟ್ ಕಾರು ಹನ್ನೊಂದು ತಿಂಗಳ ದುರಸ್ತಿ ಮುಗಿಸಿಕೊಂಡು ಬೆಂಗಳೂರಿನ ವರ್ಕ್‌ಶಾಪಿನಿಂದ ಹೊರಬಂದ ದಿನ, ಚಾಲಕನ ಜಾಗದಲ್ಲಿ ಕುಳಿತ ನನ್ನ ಬಲಗೈ ತನ್ನಷ್ಟಕ್ಕೆ ಸ್ಟೇರಿಂಗ್ ಚಕ್ರದ ಕೆಳಮೈಯಲ್ಲಿ ಏನನ್ನೋ ತಡಕಾಡಿತು. ಅದು ಹುಡುಕುತ್ತಿದ್ದದ್ದು ಒಂದು ಸಣ್ಣ ತಗ್ಗನ್ನು. ಅಪ್ಪಯ್ಯ ಬಲಗೈಯ ಉಂಗುರದ ಬೆರಳಿಗೆ ದಪ್ಪನೆಯ ಚಿನ್ನದ ಉಂಗುರ ಹಾಕಿಕೊಳ್ಳುತ್ತಿದ್ದರು. ಈ ಕಾರಿನ ಗೇರಿನ ಹಿಡಿ ಇರುವುದು ನೆಲದ ಮೇಲಲ್ಲ, ಸ್ಟೇರಿಂಗ್ ಕಂಬದ ಎಡಮಗ್ಗುಲಿಗೆ; ಎಡಗೈ ಗೇರಿನ ಕಡೆಗೆ ಹೋದಾಗಲೆಲ್ಲ ಚಕ್ರದ ಪೂರ್ತಿ ಭಾರ ಬಲಗೈಯ ಮೇಲೆ ಬೀಳುತ್ತದೆ. ಮಲೆನಾಡಿನ ರಸ್ತೆಗಳಲ್ಲಿ ಇಪ್ಪತ್ತೆಂಟು ವರ್ಷ ಹೀಗೆ ಭಾರ ಹೊತ್ತ ಆ ಉಂಗುರವು ಚಕ್ರದ ಒಂದು ಜಾಗವನ್ನು ಉಜ್ಜಿ ಉಜ್ಜಿ, ಬೆರಳು ನೆಮ್ಮದಿಯಾಗಿ ಕೂರುವಷ್ಟು ಸವೆಸಿತ್ತು. ನಾನು ಕಾರು ಕಲಿಯುವಾಗ ನನ್ನ ಬೆರಳೂ ಅಲ್ಲಿಗೇ ಹೋಗಿ ಕೂರುತ್ತಿತ್ತು. ಹೊಸ ಚಕ್ರ ಸುತ್ತಲೂ ನುಣ್ಣಗಿತ್ತು.

ವರ್ಕ್‌ಶಾಪಿನವರನ್ನು ಕೇಳಿದೆ. ಹಳೆಯ ಚಕ್ರ ಮೂರು ಕಡೆ ಬಿರುಕು ಬಿಟ್ಟಿತ್ತು, ಅದೇ ನಮೂನೆಯ ಹೊಸದನ್ನು ತರಿಸಿ ಹಾಕಿದ್ದೇವೆ, ಹಳೆಯದು ಉಳಿದ ಸಾಮಾನಿನ ಜೊತೆ ಗುಜರಿಗೆ ಹೋಯಿತು ಎಂದರು. ಒಂದು ಮಾತು ಕೇಳಿ ಎಸೆಯಬಹುದಿತ್ತಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ. ಆದರೆ ಕೆಲಸ ಒಪ್ಪಿಸುವಾಗ "ಹೊಸದರ ಹಾಗೆ ಮಾಡಿಕೊಡಿ" ಎಂದು ಹೇಳಿದವನು ನಾನೇ ಎಂಬುದನ್ನೂ ಮರೆಯಲಾರೆ. ಚಕ್ರವೊಂದೇ ಅಲ್ಲ, ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ವರ್ಷವರ್ಷವೂ ಆಯುಧಪೂಜೆಗೆ ಮೆತ್ತಿದ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು, ಹಿಂದಿನ ಸೀಟಿನ ಹೊಲಿಗೆಯಲ್ಲಿ ಅಡಿಕೆ ಮೂಟೆಯ ಗೋಣಿನಾರು ಸಿಕ್ಕಿಕೊಂಡಿತ್ತು, ಎಡಬಾಗಿಲಿನ ಒಳಗಡೆ ಅಮ್ಮನ ಬಳೆ ತಾಗಿ ತಾಗಿ ಎಳೆದ ಗೀರುಗಳಿದ್ದವು. ಎಲ್ಲವೂ ಹೋಗಿ ಕಾರು ಥಳಥಳಿಸುತ್ತಿತ್ತು. ನೋಡಿದವರೆಲ್ಲ ಮೆಚ್ಚಿದರು. ಎರಡು ವರ್ಷದಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಹುಟ್ಟಿದ್ದು ಅಂದೇ: ಹಳೆಯ ಕಾರನ್ನು ಉಳಿಸುತ್ತೇವೆಂದು ಹೊರಡುವ ನಾವು ಉಳಿಸುತ್ತಿರುವುದಾದರೂ ಏನನ್ನು?

ಆಗುಂಬೆಯ ತಿರುವಿನಲ್ಲಿ ಒದ್ದೆ ಬೈರಾಸ

ಅಪ್ಪಯ್ಯ ಈ ಕಾರನ್ನು ಕೊಂಡದ್ದು 1976ರಲ್ಲಿ, ಎರಡನೆಯ ಕೈಯಿಂದ. ಹೊಸ ಕಾರಿಗೆ ಹೆಸರು ಬರೆಸಿ, ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಇಟಲಿಯಲ್ಲಿ 1962ರಲ್ಲಿ ಬಂದ ಫಿಯೆಟ್ 1100 ಡಿ ಮಾದರಿಯನ್ನು ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈಯ ಕುರ್ಲಾದಲ್ಲಿ 1964ರಿಂದ ತಯಾರಿಸತೊಡಗಿದ್ದರು. ಅದೇ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತಿತು. ಹೆಸರು ಬದಲಾದರೂ ನಮ್ಮ ಕಡೆಯ ಜನರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. ನಮ್ಮ ಕಾರಿನ ನಂಬರ್ ಪ್ಲೇಟು ಇವತ್ತಿಗೂ 'ಎಂವೈ' ಅಕ್ಷರಗಳಿಂದ ಶುರುವಾಗುತ್ತದೆ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದರೂ ತಗಡಿನ ಮೇಲೆ ಮೈಸೂರು ರಾಜ್ಯ ಹಾಗೇ ನಿಂತಿದೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ, ದೇಶ ವಿದೇಶ ಸುತ್ತಿ, ಸರ್ಕಾರದ ಬಾಗಿಲು ಬಡಿದವರು ನಮ್ಮ ವಿಶ್ವೇಶ್ವರಯ್ಯನವರು. ಅಂದಿನ ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆಯಾಗಿ ನಿಲ್ಲಲಿಲ್ಲ. ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. 1944ರಲ್ಲಿ ಪ್ರೀಮಿಯರ್ ಕಂಪನಿಯನ್ನು ಹುಟ್ಟುಹಾಕಿದವರೂ ಅವರೇ. ನಮ್ಮ ಅಂಗಳದ ಈ ಕಾರಿನ ಹಿಂದೆ ಅವರಿಬ್ಬರ ಆ ಹಠವೂ ಇದೆ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ಆ ಕಾರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು 1983ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಉಡುಪಿಯ ಕಡೆ ಮದುವೆಯೂಟ ಮುಗಿಸಿ ತೀರ್ಥಹಳ್ಳಿಗೆ ಮರಳುತ್ತಿದ್ದೆವು. 1089 ಸಿಸಿಯ ಸಣ್ಣ ಎಂಜಿನ್ನು, ಒಳಗೆ ಮಕ್ಕಳೂ ಸೇರಿ ಏಳು ಜನ, ಡಿಕ್ಕಿಯಲ್ಲಿ ಮದುವೆಮನೆಯವರು ತುಂಬಿಸಿದ ಎರಡು ಹಲಸಿನಕಾಯಿ. ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದ ಕಾರು ಹದಿನಾಲ್ಕು ತಿರುವುಗಳಲ್ಲಿ ಏಳನೆಯದಕ್ಕೋ ಎಂಟನೆಯದಕ್ಕೋ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಅಪ್ಪಯ್ಯ ಗಾಬರಿಯಾಗಲಿಲ್ಲ. ಕೈಬ್ರೇಕು ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ನನ್ನನ್ನು ಇಳಿಸಿ, ಬಾನೆಟ್ ಎತ್ತಿದರು. ಹೆಗಲ ಮೇಲಿನ ಬೈರಾಸವನ್ನು, ಅಂದರೆ ಟವೆಲನ್ನು, ಬಂಡೆಯ ಸಂದಿಯಲ್ಲಿ ಇಳಿಯುತ್ತಿದ್ದ ನೀರಿನ ಎಳೆಗೆ ಹಿಡಿದು, ಹಿಂಡದೆ ಹಾಗೇ ತಂದು ಎಂಜಿನ್ನಿನ ಮಗ್ಗುಲಿಗೆ ಕೂತಿರುವ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದರು. ಸುಯ್ ಎಂದು ಆವಿ ಎದ್ದಿತು.

"ಎಂಜಿನ್ ಕೆಟ್ಟಿದ್ದಲ್ಲ ಮಾರಾಯ," ಎಂದರು ನನಗೆ, ದೊಡ್ಡವರಿಗೆ ಹೇಳುವ ಹಾಗೆ. "ಬಿಸಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿದೆ. ಗಾಳಿಯನ್ನು ಎಳೀಲಿಕ್ಕೆ ಪಂಪಿಗೆ ಬರೋದಿಲ್ಲ. ತಣ್ಣಗಾಗ್ಲಿ, ತಾನೇ ಏಳ್ತದೆ."

ಇಪ್ಪತ್ತು ನಿಮಿಷ ಕಾದೆವು. ಶಿವಮೊಗ್ಗದ ಬಸ್ಸಿನ ಡ್ರೈವರು ತಿರುವಿನಲ್ಲೇ ನಿಲ್ಲಿಸಿ, ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಗ್ಯಾಸ್ ಹಿಡೀತಾ ಗೌಡ್ರೇ?" ಎಂದು ಕೇಳಿ, ತನ್ನ ನೀರಿನ ಕ್ಯಾನನ್ನು ಇಳಿಸಿಕೊಟ್ಟು ಹೋದ. ಆ ಪ್ರಶ್ನೆಯಲ್ಲಿ ಹಂಗಿಸುವಿಕೆ ಇರಲಿಲ್ಲ. ಒಂದೇ ಕಾಯಿಲೆ ಕಂಡ ಇಬ್ಬರು ಮಾತಾಡಿಕೊಳ್ಳುವ ಸಲಿಗೆ ಇತ್ತು. ಬೈರಾಸವನ್ನು ಮತ್ತೆರಡು ಸಲ ನೆನೆಸಿದ ಮೇಲೆ ಅಪ್ಪಯ್ಯ ಚೋಕ್ ಮುಟ್ಟದೆ ಸ್ಟಾರ್ಟ್ ಮಾಡಿದರು. ಎಂಜಿನ್ ಎದ್ದಿತು. ಅಲ್ಲಿಂದ ಮುಂದೆ ಆ ಬೈರಾಸ ಕಾರಿನದೇ ಆಯಿತು, ಅಮ್ಮ ಎಷ್ಟು ಗೊಣಗಿದರೂ ಮನೆಯ ಬಟ್ಟೆಗಳ ಜೊತೆ ಸೇರಲಿಲ್ಲ. ಮೊದಲ ಗೇರಿನಲ್ಲಿ ಎಷ್ಟು ಹೊತ್ತು ಎಳೆಯಬೇಕು, ತಿರುವಿಗೆ ಎಷ್ಟು ಮೊದಲೇ ಗೇರು ಇಳಿಸಬೇಕು, ಎಂಜಿನ್ನಿನ ಯಾವ ಸದ್ದಿಗೆ ನಿಲ್ಲಿಸಿ ಬಾನೆಟ್ ಎತ್ತಬೇಕು ಎಂಬುದು ಅಪ್ಪಯ್ಯನಿಗೆ ಮೈಗೆ ಹತ್ತಿದ ವಿದ್ಯೆಯಾಗಿತ್ತು. 2004ರಲ್ಲಿ ಕಣ್ಣಿನ ಪೊರೆಯ ಕಾರಣಕ್ಕೆ ಅವರು ಓಡಿಸುವುದನ್ನು ಬಿಟ್ಟ ಮೇಲೆ ಕಾರು ಅಡಿಕೆಮನೆಯ ಪಕ್ಕದ ಮಾಡಿನ ಕೆಳಗೆ ನಿಂತಿತು. ಅವರು ತೀರಿಕೊಂಡದ್ದು 2009ರಲ್ಲಿ. ಕಾರು ಅದಾದ ಮೇಲೂ ಹದಿಮೂರು ಮಳೆಗಾಲ ಅಲ್ಲೇ ಕಳೆಯಿತು.

ಜೀರ್ಣೋದ್ಧಾರ

ನಮ್ಮ ಸೀಮೆಯಲ್ಲಿ ಈ ಮೂವತ್ತು ವರ್ಷಗಳಲ್ಲಿ ಎಷ್ಟೋ ದೇವಸ್ಥಾನಗಳ ಜೀರ್ಣೋದ್ಧಾರ ನಡೆದಿದೆ. ದೀಪದ ಎಣ್ಣೆ ಹೀರಿ ಕಪ್ಪಾದ ಮರದ ಕಂಬಗಳು ಹೋಗಿ ಗ್ರಾನೈಟ್ ಬಂದಿದೆ, ಎಷ್ಟೋ ತಲೆಮಾರಿನ ಕಾಲು ಸವೆಸಿದ ಮೆಟ್ಟಿಲಿನ ಮೇಲೆ ಟೈಲ್ಸ್ ಕೂತಿದೆ, ಹೆಂಚಿನ ಮಾಡು ತೆಗೆದು ಕಾಂಕ್ರೀಟು ಹಾಕಿದ್ದಾರೆ. ಮಾಡಿದವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಊರಿನವರು ಒಂದು ಹೊತ್ತಿನ ಊಟ ಬಿಟ್ಟು ಹಣ ಕೂಡಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೂ ನಮ್ಮೂರಿನ ಗುಡಿಯ ಹಳೆಯ ಕಂಬವೊಂದು ಹೊರಗಡೆ ಮಳೆಯಲ್ಲಿ ಮಲಗಿದ್ದಾಗ ಸಮಿತಿಯವರೊಡನೆ ಜಗಳವಾಡಿದ್ದೆ. ದೇವರು ಒಳಗಿದ್ದಾನೆ, ಆದರೆ ಅಜ್ಜಿ ಒರಗಿ ಕೂತು ಭಜನೆ ಕೇಳುತ್ತಿದ್ದ ಕಂಬ ಹೊರಗಿದೆ ಎಂದು ಹೇಳಿದ್ದೆ. ಅಂಥವನು ಮನೆಯ ಕಾರಿಗೆ ಮಾಡಿಸಿದ್ದೂ ಅದೇ ಬಗೆಯ ಜೀರ್ಣೋದ್ಧಾರವೇ.

ಕಟ್ಟಡಗಳ ವಿಷಯದಲ್ಲಿ ಈ ತಿಳಿವು ಜಗತ್ತಿಗೆ ಬಂದು ಬಹಳ ಕಾಲವಾಗಿದೆ. ಸ್ಮಾರಕಗಳನ್ನು ಹೇಗೆ ಕಾಪಾಡಬೇಕೆಂದು ಹೇಳುವ ವೆನಿಸ್ ಸನದು 1964ರಷ್ಟು ಹಳೆಯದು. ಹಳೆಯ ವಾಹನಪ್ರಿಯರ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಅದೇ ಸನದನ್ನು ಮಾದರಿಯಾಗಿಟ್ಟುಕೊಂಡು 2012ರಲ್ಲಿ ಟ್ಯೂರಿನ್ ಸನದನ್ನು ಒಪ್ಪಿಕೊಂಡಿತು. ಇದ್ದುದನ್ನು ಇದ್ದ ಹಾಗೆ ಕಾಯುವುದು ಬೇರೆ, ಕೆಡದಂತೆ ತಡೆಯುವುದು ಬೇರೆ, ಹಾಳಾದದ್ದನ್ನು ಮತ್ತೆ ಕಟ್ಟುವುದು ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ಮಾಡಿದ ಪ್ರತಿ ಕೆಲಸವನ್ನೂ ಬರೆದಿಡಬೇಕು, ವಾಹನ ತನ್ನ ಆಯುಷ್ಯದಲ್ಲಿ ಕಂಡ ಬದಲಾವಣೆಗಳೂ ಅದರ ಚರಿತ್ರೆಯ ಭಾಗ ಎಂಬುದು ಅದರ ನಿಲುವು. ವಿದೇಶದ ದೊಡ್ಡ ಕಾರು ಸ್ಪರ್ಧೆಗಳಲ್ಲಿ, 1950ರಲ್ಲಿ ಶುರುವಾದ ಅಮೆರಿಕದ ಪೆಬಲ್ ಬೀಚ್‌ನಂಥ ಮೆರವಣಿಗೆಯಲ್ಲಿ ಕೂಡ, ಬಣ್ಣ ಬಿರಿದ, ಚರ್ಮ ಸೀಳಿದ, ಆದರೆ ಯಾರೂ ಕೈಯಾಡಿಸದ ಕಾರುಗಳಿಗೆ ಈಗ ಬೇರೆಯೇ ವಿಭಾಗವಿದೆ. ಇದೆಲ್ಲವನ್ನೂ ನಾನು ಓದಿದ್ದು ನಮ್ಮ ಕಾರು ಬಣ್ಣ ಹೊಡೆಸಿಕೊಂಡು ಬಂದ ಮೇಲೆ.

ನಮ್ಮಲ್ಲಿ ಕಾನೂನು ಕೂಡ ಈಚೆಗೆ ಈ ಕಡೆ ಕಣ್ಣು ತೆರೆದಿದೆ. 2021ರ ಜುಲೈಯಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಕಾಪಾಡಿಕೊಂಡ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನ ನಡುವೆ 'ವಿಎ' ಎಂಬ ಅಕ್ಷರಗಳು. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿರಬಾರದು. ಇದು ಬೇಕಾದ ನಿಯಮವೇ, ಇಲ್ಲವಾದರೆ ಎಷ್ಟೋ ಕಾರುಗಳು ಗುಜರಿ ನೀತಿಯ ಅಡಿಯಲ್ಲಿ ಸಿಕ್ಕಿ ಪುಡಿಯಾಗುತ್ತಿದ್ದವು. ಆ ಅಳತೆಯಲ್ಲಿ ನೋಡಿದರೆ ನಮ್ಮ ಕಾರಿಗೆ ಯಾವ ಕೊರತೆಯೂ ಇಲ್ಲ. ಚಾಸಿ ಅದೇ, ಎಂಜಿನ್ನಿನ ನಂಬರು ಅದೇ. ಕಾನೂನಿಗೆ ಉಂಗುರದ ತಗ್ಗು ಕಾಣಬೇಕೆಂದು ನಾನು ಕೇಳುತ್ತಿಲ್ಲ. ಕಾರಿನ ಮಾಲೀಕನಿಗೆ, ಅದೂ ಆ ತಗ್ಗಿನಲ್ಲಿ ಬೆರಳಿಟ್ಟು ಬೆಳೆದವನಿಗೆ, ಅದು ಕಾಣದೇ ಹೋಯಿತಲ್ಲ ಎಂಬುದೇ ನನ್ನ ಸಂಕಟ.

ಹಗ್ಗದ ಆಚೆ ನಿಂತ ಡ್ರೈವರು

ಸುಮಾರು ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಭಾನುವಾರ ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋಗಿದ್ದೆ. ಇಂಥ ಜಾಗಗಳಲ್ಲಿ ನನಗೆ ಮೊದಲಿನಿಂದಲೂ ಹಬ್ಬಕ್ಕೆ ಹೋದ ಸಂತೋಷವಾಗುತ್ತದೆ. ತೂಕಕ್ಕೆ ಮಾರಿಹೋಗುತ್ತಿದ್ದ ಕಾರುಗಳನ್ನು ಹುಡುಕಿ ತಂದು, ಸ್ವಂತ ದುಡ್ಡು ಸುರಿದು, ಒಂದು ಬಾಗಿಲ ಹಿಡಿಗಾಗಿ ಮೂರು ರಾಜ್ಯ ಅಲೆದವರು ಅಲ್ಲಿರುತ್ತಾರೆ. ಅವರಿಲ್ಲದಿದ್ದರೆ ನಮ್ಮ ಮಕ್ಕಳಿಗೆ ಇವುಗಳ ಚಿತ್ರ ಮಾತ್ರ ಸಿಗುತ್ತಿತ್ತು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಶಾಲೆಯ ಪ್ರವಾಸದಲ್ಲಿ ನೋಡಿ ಕಾರಿನ ಹುಚ್ಚು ಹತ್ತಿಸಿಕೊಂಡ ಎಷ್ಟೋ ಜನರನ್ನು ನಾನು ಬಲ್ಲೆ. ಈಗ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ಪಯಣ ಸಂಗ್ರಹಾಲಯ ನಿಂತಿದೆ, ಅದರ ಹಿಂದಿರುವವರೂ ವೀರೇಂದ್ರ ಹೆಗ್ಗಡೆಯವರೇ. ಈ ಬಳಗದ ಬಗ್ಗೆ ನನಗೆ ಇರುವುದು ಪೂರ್ತಿ ಕೃತಜ್ಞತೆ. ಮುಂದೆ ಹೇಳುವ ಮಾತನ್ನು ಆ ಕೃತಜ್ಞತೆಯ ಒಳಗಿಟ್ಟೇ ಹೇಳುತ್ತಿದ್ದೇನೆ.

ಅಂದು 1930ರ ಒಂದು ಷೆವರ್ಲೆ ನಿಂತಿತ್ತು. ಜನರಲ್ ಮೋಟಾರ್ಸ್‌ನವರು 1928ರಲ್ಲೇ ಮುಂಬೈಯ ಸೇವ್ರಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿದ್ದರಿಂದ ಆ ಕಾಲದ ಷೆವರ್ಲೆಗಳು ನಮ್ಮ ಕಾಫಿ ಸೀಮೆಯಲ್ಲೂ ಸಾಕಷ್ಟು ಓಡಾಡಿದ್ದವು. ಮುಂದೆ ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬರೆದಿಟ್ಟಿದ್ದರು. ಪಕ್ಕದ ಫಲಕದಲ್ಲಿ ಕಾರಿನ ವರ್ಷ, ಆರು ಸಿಲಿಂಡರಿನ ಎಂಜಿನ್ನು, ಮಾಲೀಕರ ಹೆಸರು. ಹಗ್ಗದ ಈಚೆ ಎಂಬತ್ತರ ಆಸುಪಾಸಿನ ಒಬ್ಬರು, ಬಿಳಿ ಪಂಚೆ, ತೋಳಿನ ಮೇಲೆ ಮಡಿಸಿಟ್ಟ ಸ್ವೆಟರು, ಮೊಮ್ಮಗನ ಕೈ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದರು. ಅವರ ಕಣ್ಣು ಥಳಥಳಿಸುವ ಬಂಪರಿನ ಮೇಲಿರಲಿಲ್ಲ. ರೇಡಿಯೇಟರಿನ ಕೆಳಗೆ ಹ್ಯಾಂಡಲ್ ತೂರಿಸುವ ತೂತಿನ ಮೇಲಿತ್ತು.

"ಇಂಥದ್ದೇ ಗಾಡಿ," ಎಂದರು, ಪಕ್ಕದಲ್ಲಿದ್ದ ನನಗೆ. ಚಿಕ್ಕಮಗಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಕ್ಲೀನರಾಗಿ ಸೇರಿ, ಆಮೇಲೆ ಡ್ರೈವರಾದವರಂತೆ. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಕೈಕೊಟ್ಟರೆ ಹ್ಯಾಂಡಲ್ಲೇ ಗತಿ. ಖಾಲಿ ಗಾಳಿಯಲ್ಲಿ ಅವರು ಹ್ಯಾಂಡಲ್ ಹಿಡಿದು ತೋರಿಸಿದರು. ಐದೂ ಬೆರಳು ಒಂದೇ ಕಡೆ, ಹೆಬ್ಬೆಟ್ಟು ಹ್ಯಾಂಡಲಿನ ಸುತ್ತ ಹೋಗದೆ ಉಳಿದ ಬೆರಳುಗಳ ಮಗ್ಗುಲಲ್ಲೇ. "ಸುತ್ತಿ ಹಿಡಿದ್ರೆ ಕೈ ಹೋಯ್ತು ಅಂತ್ಲೇ ಲೆಕ್ಕ ಸ್ವಾಮಿ. ಎಂಜಿನ್ ಹಿಂದಕ್ಕೆ ಒದೀತದೆ. ನಮ್ಮ ಗುರುಗಳು ಹೇಳಿದ್ರು, ನಾನು ಒಂದು ದಿನ ಮರ್ತೆ." ಅಂಗಿಯ ತೋಳು ಸರಿಸಿ ಬಲಗೈ ಮಣಿಕಟ್ಟು ತೋರಿಸಿದರು. ಮೂಳೆ ಕೂಡಿದ್ದ ಜಾಗ ಉಬ್ಬಿ ಸೊಟ್ಟಗಿತ್ತು. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಆಕ್ಸಿಲರೇಟರನ್ನು ಇಷ್ಟೇ ಇಷ್ಟು ಮುಟ್ಟಬೇಕು, ಇಲ್ಲವಾದರೆ ಹಲ್ಲು ಕಚ್ಚುತ್ತದೆ ಎಂದು ಮೊಮ್ಮಗನಿಗೆ ಕಾಲಿನಲ್ಲಿ ತಾಳ ಹಾಕಿ ತೋರಿಸಿದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾಗ ಅವರ ಗುರುಗಳು ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರಂತೆ. ಬೆಳಗಿನ ಜಾವ ಎದ್ದು ಹಿಂದಿನ ಒಲೆಗೆ ಬೆಂಕಿ ಹಾಕಿ, ಊದಿ, ಗ್ಯಾಸು ಹದಕ್ಕೆ ಬಂದ ಮೇಲೆಯೇ ಪ್ರಯಾಣ.

ಮಾತಿನ ಭರದಲ್ಲಿ ಅವರ ಕೈ ಹಗ್ಗ ದಾಟಿ ಬಾನೆಟಿನ ಕೊಂಡಿಯತ್ತ ಹೋಯಿತು. ಬಿಲ್ಲೆ ಹಾಕಿಕೊಂಡಿದ್ದ ಹುಡುಗನೊಬ್ಬ ಬಂದು, ಬಹಳ ಮರ್ಯಾದೆಯಿಂದಲೇ, "ಅಜ್ಜಾ, ದಯವಿಟ್ಟು ಹಿಂದೆ ನಿಲ್ಲಿ, ತೀರ್ಪುಗಾರರು ಬರ್ತಿದ್ದಾರೆ" ಎಂದ. ಅವರು ಕೂಡಲೇ ಕೈ ಹಿಂದೆ ತೆಗೆದು, ತಪ್ಪಾಯಿತು ಎಂಬಂತೆ ತಲೆಯಾಡಿಸಿ, ಮೊಮ್ಮಗನನ್ನು ಕರೆದುಕೊಂಡು ಜನರ ನಡುವೆ ಹೋಗಿಬಿಟ್ಟರು. ಹುಡುಗನ ತಪ್ಪೇನೂ ಇಲ್ಲ, ಎಲ್ಲರೂ ಮುಟ್ಟಿದರೆ ಬಣ್ಣ ಉಳಿಯುವುದಿಲ್ಲ. ಆದರೆ ಆ ಮೈದಾನದಲ್ಲಿ ಆ ಕಾರನ್ನು ಒಳಗಿನಿಂದ ಬಲ್ಲ ವ್ಯಕ್ತಿ ಬಹುಶಃ ಅವರೊಬ್ಬರೇ ಇದ್ದರು, ಅವರೇ ಹಗ್ಗದ ಆಚೆ ನಿಂತಿದ್ದರು. ನಾನಾದರೂ ಅವರ ಹೆಸರು ಕೇಳಲಿಲ್ಲ, ಯಾವ ಎಸ್ಟೇಟೆಂದು ಕೇಳಲಿಲ್ಲ. ಅವರು ಹೋದ ಮೇಲೆ ಷೆವರ್ಲೆಯ ನಾಲ್ಕು ಫೋಟೊ ತೆಗೆದುಕೊಂಡು ಮನೆಗೆ ಬಂದೆ. ಆ ಫೋಟೊಗಳನ್ನು ಈಗ ನೋಡಿದರೆ ಬೇಸರವಾಗುತ್ತದೆ. ಯಾವುದರಲ್ಲೂ ಅವರಿಲ್ಲ.

ನಮ್ಮ ದೇಶದ ಹಳೆಯ ಕಾರುಗಳ ಚರಿತ್ರೆಯನ್ನು ಮಾಲೀಕರ ಕಡೆಯಿಂದ ಬರೆದರೆ ಅರ್ಧವೇ ಬರೆದ ಹಾಗೆ. ಅರಮನೆಯ ರೋಲ್ಸ್‌ರಾಯ್ಸ್ ಇರಲಿ, ಎಸ್ಟೇಟಿನ ಷೆವರ್ಲೆ ಇರಲಿ, ಮಾಲೀಕರು ಹಿಂದಿನ ಸೀಟಿನಲ್ಲಿ ಕೂತರು. ಕಾರಿನ ಜ್ವರ, ಕೆಮ್ಮು, ಹಟ ಎಲ್ಲ ಗೊತ್ತಿದ್ದದ್ದು ಮುಂದೆ ಕೂತವರಿಗೆ. ಬಿಡಿಭಾಗ ಸಿಗದ ದಿನಗಳಲ್ಲಿ ಬಸ್ಸಿನ ಟ್ಯೂಬು ಕತ್ತರಿಸಿ ವಾಷರು ಮಾಡಿ, ಲಾರಿಯ ಸ್ಪ್ರಿಂಗು ತಟ್ಟಿ ಕಾರಿಗೆ ಕೂರಿಸಿ ಇವುಗಳನ್ನು ಬದುಕಿಸಿದವರು ಊರೂರಿನ ಮೇಸ್ತ್ರಿಗಳು. ಪ್ರಶಸ್ತಿಯ ಲೆಕ್ಕದಲ್ಲಿ ಆ ವಾಷರು ಒಂದು ದೋಷ, ಮೂಲದ್ದಲ್ಲದ ಭಾಗ ಎಂದು ಅಂಕ ಕಳೆಯುತ್ತಾರೆ. ನನಗೆ ಅದು ಕಾರು ಈ ಮಣ್ಣಿನಲ್ಲಿ ಬಾಳಿದ್ದರ ಗುರುತು. ಇಂಗ್ಲೆಂಡಿನಲ್ಲಿ ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ 1905ಕ್ಕಿಂತ ಹಿಂದಿನ ಕಾರುಗಳನ್ನು ಓಡಿಸಿಕೊಂಡು ಹೋಗುವ ಸಂಪ್ರದಾಯವಿದೆ. 1896ರ ಮೊದಲ ಓಟದ ನೆನಪಿಗೆ 1927ರಲ್ಲಿ ಅದನ್ನು ಮತ್ತೆ ಶುರುಮಾಡಿದರು. ಅಲ್ಲಿ ಮುಖ್ಯವಾದದ್ದು ಬಣ್ಣದ ಹೊಳಪಲ್ಲ, ತನ್ನ ಚಕ್ರದ ಮೇಲೆ ತಾನೇ ಉರುಳಿ ಊರು ಮುಟ್ಟುವುದು. ದಾರಿಯಲ್ಲಿ ಕೆಟ್ಟು ನಿಂತರೆ ಮಳೆಯಲ್ಲೇ ರಿಪೇರಿ. ಅದರ ವಿಷಯ ಓದುವಾಗಲೆಲ್ಲ ನನಗೆ ನೆನಪಾಗುವುದು ಆಗುಂಬೆಯ ಬೈರಾಸ.

ಶಿವಾಜಿನಗರದ ಗುಜರಿಯಲ್ಲಿ

ಕಾರು ಬಂದ ಮೇಲೆ ಮೂರು ಭಾನುವಾರ ಬಿಡುವು ಮಾಡಿಕೊಂಡು ಹಳೆಯ ಚಕ್ರವನ್ನು ಹುಡುಕಿಕೊಂಡು ಹೋದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವುದು ಹೊಸ ಮಾಲು. ಹಳೆಯದು ಬೇಕಾದರೆ ಶಿವಾಜಿನಗರದ ಗುಜರಿ. ಬಿಚ್ಚಿದ ಬಾಗಿಲು, ಕಳಚಿದ ಗೇರ್‌ಬಾಕ್ಸು, ಕೊಡದ ಹಾಗೆ ಒಂದರ ಮೇಲೊಂದು ಪೇರಿಸಿದ ಹೆಡ್‌ಲೈಟುಗಳ ನಡುವಿನ ಓಣಿಗಳಲ್ಲಿ ಅಲೆದರೂ ನಮ್ಮ ಚಕ್ರ ಸಿಗಲಿಲ್ಲ. ಸಿಗುತ್ತದೆಂಬ ಭರವಸೆ ನಿಜವಾಗಿ ನನಗೂ ಇರಲಿಲ್ಲ. ಒಂದು ಅಂಗಡಿಯಲ್ಲಿ ಮಾತ್ರ ತಂತಿಗೆ ಪೋಣಿಸಿದ ನಾಲ್ಕೈದು ಪದ್ಮಿನಿಯ ಚಕ್ರಗಳಿದ್ದವು. ಒಂದೊಂದನ್ನೇ ಇಳಿಸಿ ಕೈಯಾಡಿಸಿದೆ. ಅವುಗಳಲ್ಲೊಂದು ಸವೆದಿತ್ತು, ಆದರೆ ಬೇರೆ ಜಾಗದಲ್ಲಿ. ಮೇಲ್ಭಾಗದಲ್ಲಿ, ಅಂಗೈ ಹಾಸಿ ಒಂದೇ ಕೈಯಲ್ಲಿ ದಿನವಿಡೀ ತಿರುಗಿಸಿದವರ ಚಕ್ರ. ಟ್ಯಾಕ್ಸಿಯದಿರಬೇಕು ಎಂದುಕೊಂಡೆ. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಇಪ್ಪತ್ತು ವರ್ಷದ ಮಿತಿ ಮುಟ್ಟಿ 2023ರ ಅಕ್ಟೋಬರ್ ಕೊನೆಗೆ ಪೂರ್ತಿ ರಸ್ತೆ ಬಿಟ್ಟ ಸುದ್ದಿ ಆಗಿನ್ನೂ ಹಸಿಯಾಗಿತ್ತು.

ಅಂಗಡಿಯವನು, "ಸವೆದಿದ್ದು ಯಾಕೆ ಸಾರ್, ಚೆನ್ನಾಗಿರೋದು ಕೊಡ್ತೀನಿ" ಎಂದು ಒಳಗಿನಿಂದ ಬೇರೊಂದನ್ನು ತಂದ.

ಸವೆದ ಚಕ್ರವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ನೂರಾರು ರೂಪಾಯಿಯ ಮಾತು, ಕೊಂಡು ತರಬಹುದಿತ್ತು. ಆದರೆ ಅದರ ಮೇಲಿದ್ದದ್ದು ಇನ್ಯಾರದೋ ದುಡಿಮೆ, ಇನ್ಯಾರದೋ ಮನೆಯ ಅನ್ನ ಹುಟ್ಟಿಸಿದ ಕೈ. ಅದನ್ನು ತಂದು ಅಪ್ಪಯ್ಯನ ಕಾರಿಗೆ ಹಾಕಿ ಹಳೆಯ ಕಾರೆಂದು ತೋರಿಸುವುದು ನನಗೆ ಸರಿಕಾಣಲಿಲ್ಲ. ಹಿಂದಕ್ಕೆ ತಂತಿಗೆ ಹಾಕಿ ಬಂದೆ.

ಸಾಹೇಬರ ಕಿವಿ

ಕಾರನ್ನು ಊರಿಗೆ ಒಯ್ದ ಮೇಲೆ ತೀರ್ಥಹಳ್ಳಿಯ ಗ್ಯಾರೇಜಿನ ಸಾಹೇಬರನ್ನು ಮನೆಗೆ ಕರೆತಂದೆ. ಅಪ್ಪಯ್ಯನ ಕಾಲದಲ್ಲಿ ಈ ಕಾರನ್ನು ನೋಡಿಕೊಂಡವರು ಅವರೇ. ಎಪ್ಪತ್ತಾರು ವಯಸ್ಸು, ಗ್ಯಾರೇಜನ್ನು ಈಗ ಮಗ ನಡೆಸುತ್ತಾನೆ, ಅವನ ಕೈಯಲ್ಲಿ ಕಂಪ್ಯೂಟರು ಜೋಡಿಸಿ ದೋಷ ಹುಡುಕುವ ಉಪಕರಣವಿದೆ. ಅದನ್ನು ಜೋಡಿಸಲು ನಮ್ಮ ಫಿಯೆಟ್ಟಿನಲ್ಲಿ ಜಾಗವೇ ಇಲ್ಲ. ಸಾಹೇಬರು ಹೊಸ ಬಣ್ಣವನ್ನು ನೋಡಿ ಚೆನ್ನಾಗಿದೆ ಎಂದಷ್ಟೇ ಹೇಳಿ, ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ವೈದ್ಯರು ಎದೆ ನೋಡುವ ಹಾಗೆ ನಾಲ್ಕು ಕಡೆ ಕೇಳಿದರು. "ಗೌಡ್ರ ಗಾಡಿ ಹೀಗೆ ಮಾತಾಡ್ತಿರ್ಲಿಲ್ಲ," ಎಂದರು.

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟುಗಳ ನಡುವಿನ ಸಂದನ್ನು ನೋಡಿದರು. ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕಾದ ಸಂದು ಅದು. ಅಷ್ಟರ ಮೇಲೆ ಕಿಡಿ ಯಾವಾಗ ಹಾರಬೇಕೆಂಬುದು ನಿಂತಿದೆ. ಪದರುಗಳ ಅಳತೆಪಟ್ಟಿ ತೂರಿಸಿ, ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಬಿಗಿ ಮಾಡಿ, ಮತ್ತೆ ಅಳೆದರು. ಕಾರ್ಬೊರೇಟರಿನ ಗಾಳಿಯ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ ತಿರುಗಿಸುತ್ತ ಸದ್ದಿನ ಏರಿಳಿತ ನೋಡಿದರು. ಒಂದು ಗಳಿಗೆಯಲ್ಲಿ ಎಂಜಿನ್ನಿನ ಆ ಒರಟು ತೊದಲು ಹೋಗಿ, ನನಗೆ ನಿದ್ದೆಯಲ್ಲೂ ಗುರುತು ಸಿಗುವ ಹಳೆಯ ಸದ್ದು ಬಂತು. ಅಮ್ಮ ಅಡುಗೆಮನೆಯಿಂದ ಜಗಲಿಗೆ ಬಂದು ನಿಂತರು. ಹನ್ನೊಂದು ತಿಂಗಳು, ಅಷ್ಟೊಂದು ಹಣ ಖರ್ಚಾಗಿಯೂ ಬಾರದಿದ್ದ ಆ ಸದ್ದು ಸಾಹೇಬರ ಕಿವಿಯೊಳಗೆ ಭದ್ರವಾಗಿತ್ತು.

ಆ ದಿನದಿಂದ ನಾನೊಂದು ಪುಸ್ತಕ ಇಟ್ಟಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಸಾಹೇಬರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ: ಯಾವ ಮಳೆಗಾಲದಲ್ಲಿ ಏನು ಕೆಟ್ಟಿತ್ತು, ಯಾವ ಭಾಗ ಎಲ್ಲಿಂದ ತಂದದ್ದು, ಯಾವುದನ್ನು ಅವರೇ ಲೇತಿನಲ್ಲಿ ತಿರುಗಿಸಿ ಮಾಡಿದ್ದು. ಬಾನೆಟಿನ ಒಂದು ಕೊಂಡಿ ಮೂಲದ್ದಲ್ಲ, 1987ರಲ್ಲಿ ಅವರು ಮಾಡಿದ್ದು ಎಂದು ಗೊತ್ತಾಯಿತು; ವರ್ಕ್‌ಶಾಪಿನವರ ಕಣ್ಣಿಗೆ ಬೀಳದೆ ಅದೊಂದು ಉಳಿದುಕೊಂಡಿದೆ. ಬರೆಯಲು ಬಾರದವುಗಳೂ ಬಹಳ ಇವೆ. ಸದ್ದನ್ನು ಹೇಗೆ ಬರೆಯುವುದು? ಅದಕ್ಕೇ ಮಗಳನ್ನೂ ಜೊತೆಗೆ ಕೂರಿಸುತ್ತೇನೆ. ಅವಳಿಗೆ ಹದಿನಾಲ್ಕು. ಮೊದಲ ದಿನ ಗ್ರೀಸು ಮುಟ್ಟಲು ಹಿಂಜರಿದವಳು ಈಗ ಸ್ಪಾನರಿನ ನಂಬರು ಕೇಳುವ ಮೊದಲೇ ತೆಗೆದುಕೊಡುತ್ತಾಳೆ.

ಹೋದ ದೀಪಾವಳಿಯಲ್ಲಿ ಬ್ರೇಕಿನ ಪೆಡಲು ಮೆತ್ತಗಾಗಿ ಅರ್ಧಕ್ಕೂ ಕೆಳಗೆ ಇಳಿಯುತ್ತಿತ್ತು. ಪೈಪಿನೊಳಗೆ ಗಾಳಿ ಸೇರಿದೆ ಎಂದರು ಸಾಹೇಬರು. ಬ್ರೇಕಿನ ಎಣ್ಣೆಯನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರು ನಾಲ್ಕು ಚಕ್ರಕ್ಕೂ ಒಂದೇ ಇರುವ ಕಾರಿದು; ಗಾಳಿ ತೆಗೆಯುವುದನ್ನು ಅದರಿಂದ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ಮಗಳು ಚಾಲಕನ ಜಾಗದಲ್ಲಿ ಕೂತು ಪೆಡಲಿನ ಮೇಲೆ ಕಾಲಿಟ್ಟಳು. ಸಾಹೇಬರು ಹಿಂದೆ ಮಣೆಯ ಮೇಲೆ ಕೂತು, ನಿಪ್ಪಲಿಗೆ ಸಿಕ್ಕಿಸಿದ ಸಣ್ಣ ಕೊಳವೆಯ ಇನ್ನೊಂದು ತುದಿಯನ್ನು ಬ್ರೇಕ್ ಆಯಿಲಿದ್ದ ಬಾಟಲಿಗೆ ಇಳಿಬಿಟ್ಟರು. ನಾನು ಟಾರ್ಚು ಹಿಡಿದೆ.

"ಒತ್ತು ಮಗಾ."

"ಒತ್ತಿದೆ."

"ಹಿಡಿ. ಬಿಡ್ಬೇಡ." ಸ್ಪಾನರು ಕಾಲು ಸುತ್ತು ತಿರುಗಿತು. ಬಾಟಲಿಯಲ್ಲಿ ಗುಳ್ಳೆಗಳು ಎದ್ದವು. ಸ್ಪಾನರು ಮರಳಿ ಬಿಗಿಯಾಯಿತು. "ಈಗ ಬಿಡು."

ಹಾಗೆಯೇ ಹತ್ತು ಹನ್ನೆರಡು ಸಲ. ಗುಳ್ಳೆ ಕಡಿಮೆಯಾಗುತ್ತ ಬಂದು, ಕೊನೆಗೆ ಕೊಳವೆಯಲ್ಲಿ ಎಣ್ಣೆಯೊಂದೇ ತಿಳಿಯಾಗಿ ಇಳಿಯಿತು. ಸಾಹೇಬರು ಮಣೆಯನ್ನು ಬಲಚಕ್ರದ ಕಡೆಗೆ ಎಳೆದುಕೊಂಡರು. ಒಳಗಿನಿಂದ ಮಗಳು, ಪೆಡಲು ಸ್ವಲ್ಪ ಗಟ್ಟಿಯಾದ ಹಾಗಿದೆ ಸಾಬಜ್ಜಾ ಎಂದು ಕೂಗಿದಳು.

"ಇನ್ನೂ ಮೂರು ಚಕ್ರ ಇದೆ," ಎಂದರು ಸಾಹೇಬರು. "ಒತ್ತು."